ಮಲ್ಪೆಯ ಆನೆಕಾಲು ಇಳಿಯಿತು, ಬಕೆಟ್ ಲೆಕ್ಕದಲ್ಲಿ

"ಹಳೆ ಆನೆಕಾಲು ಇಳಿಯುವುದುಂಟಾ?" ಅಂತ ನನ್ನ ಜೊತೆಯ ಫಿಸಿಯೋಗಳೇ ಕೇಳಿದ್ದರು. ಇಳಿಯಿತು. ಮಲ್ಪೆ ಬಂದರಿನಲ್ಲಿ ಮೀನು ವಿಂಗಡಿಸುವ ಅಕ್ಕ ಒಬ್ಬರು. ಎಡಗಾಲು ಊದಿ ಹನ್ನೆರಡು ವರ್ಷ. ಕಾಲು ನೀವಿ, ಬ್ಯಾಂಡೇಜ್ ಸುತ್ತಿ ಐದು ವಾರದಲ್ಲಿ ಮೊಣಕಾಲಿನ ಕೆಳಗಿನ ಊತವನ್ನು ಹತ್ತಿರ ಹತ್ತಿರ ಒಂದೂವರೆ ಲೀಟರ್ ಕಡಿಮೆ ಮಾಡಿದೆ. ಟೇಪ್ ನಂಬದವರಿಗಾಗಿ ಬಕೆಟ್ ತುಂಬ ನೀರು ಇಟ್ಟು, ಕಾಲು ಇಳಿಸಿ, ಚೆಲ್ಲಿದ್ದನ್ನು ತೂಗಿ ತೋರಿಸಿದೆ.

ಮೊದಲು ಎರಡು ಸಲ ಸೋತಿದ್ದೆ. ಒಮ್ಮೆ ಪಾದದಿಂದಲೇ ಮೇಲಕ್ಕೆ ನೀವಿದೆ. ಊತವಾಗಿ ನಿಲ್ಲುವ ದ್ರವ ಲಿಂಫ್. ಅದಕ್ಕೆ ಹೃದಯದಂಥ ಪಂಪ್ ಇಲ್ಲ. ನಾಳವೇ ಹಿಂಡಿ ಕವಾಟದಿಂದ ಕವಾಟಕ್ಕೆ ದಾಟಿಸಬೇಕು. ಆನೆಕಾಲು ತರುವ ಫೈಲೇರಿಯಾ ಹುಳು ಕೆಡಿಸುವುದು ಆ ನಾಳವನ್ನೇ. ಮೇಲೆ ದಾರಿ ಬಿಡಿಸದೆ ಕೆಳಗಿಂದ ನೂಕಿದರೆ ಎಲ್ಲಿಗೆ ಹೋಗಬೇಕು, ಅಲ್ವಾ? ಈಗ ಶುರು ಎಡ ಕಾಲರ್‌ಬೋನ್ ಹಿಂದಿನಿಂದ, ಲಿಂಫ್‌ನ ದೊಡ್ಡ ನಾಳ ಥೊರಾಸಿಕ್ ಡಕ್ಟ್ ರಕ್ತನಾಳ ಸೇರುವ ಕಡೆಯಿಂದ. ಆಮೇಲೆ ಹೊಟ್ಟೆ, ತೊಡೆಸಂದು. ಅಲ್ಲಿನ ಲಿಂಫ್ ಗಂಟುಗಳು ಕೆಲಸ ಮಾಡದಿದ್ದರೆ ಅದೇ ಬದಿಯ ಕಂಕುಳಿನ ಕಡೆ ತಿರುಗಿಸುತ್ತೇನೆ. ಪಾದ ಕೊನೆಗೆ. ಎಣ್ಣೆ ಬೇಡ, ಚರ್ಮ ಜರುಗುವಷ್ಟೇ ಒತ್ತಡ ಸಾಕು.

ಎರಡನೇ ಸೋಲು ದುಡ್ಡಿನದು. ಉಳಿತಾಯ ಅಂತ ಕ್ರೇಪ್ ಬ್ಯಾಂಡೇಜ್ ಕಟ್ಟಿದೆ. ಅದು ಮಲಗಿದಾಗ ಬಿಗಿ, ನಡೆದಾಗ ಸಡಿಲ. ನಮಗೆ ಬೇಕಾದದ್ದು ಉಲ್ಟಾ. ಕಡಿಮೆ ಹಿಗ್ಗುವ ಶಾರ್ಟ್ ಸ್ಟ್ರೆಚ್ ಬ್ಯಾಂಡೇಜ್ ತರಿಸಿದೆ, ಎರಡು ಸೆಟ್ಟಿಗೆ ಸುಮಾರು ಎಂಟು ಸಾವಿರ. ಅರ್ಧ ನಾನೇ ಹಾಕಿದೆ. ಆಗಲೇ ಆಟಿ ತಿಂಗಳ ಮಳೆ. ಬ್ಯಾಂಡೇಜ್ ಒಣಗಲಿಲ್ಲ, ಬೆರಳ ಸಂದಿನಲ್ಲಿ ಬೂಸು, ಅಲ್ಲಿಂದ ಸೋಂಕು, ಚಳಿಜ್ವರ. ಡಾಕ್ಟರರ ಆಂಟಿಬಯೋಟಿಕ್ ಮುಗಿಯುವವರೆಗೆ ಹದಿನೈದು ದಿನ ಕಟ್ಟಲಿಲ್ಲ. ಇಳಿದದ್ದೆಲ್ಲ ವಾಪಸ್. ಅಕ್ಕ ಅತ್ತೇಬಿಟ್ಟರು. ಆ ದಿನ ನನಗೂ ನಿದ್ದೆ ಬರಲಿಲ್ಲ. ಈಗ ಸೋಪಿನಲ್ಲಿ ತೊಳೆದು, ಒಂದೊಂದು ಸಂದನ್ನೂ ಬಟ್ಟೆಯಲ್ಲಿ ಒರೆಸಿ, ಫಂಗಸ್ ಕ್ರೀಮ್ ಹಚ್ಚದೆ ಸುತ್ತುವುದೇ ಇಲ್ಲ.

ಬಚ್ಚಲ ಒಲೆಯ ಮೇಲೆ ಬ್ಯಾಂಡೇಜ್ ಒಣಗಿಸಿ ನೋಡಿದೆ. ಬಿಸಿಗೆ ಹಿಗ್ಗುವ ಗುಣವೇ ಹೋಯಿತು, ಒಂದು ಸೆಟ್ ದಂಡ. ಫ್ಯಾನೇ ಒಳ್ಳೆಯದು. ಸೋಫಾ ಅಂಗಡಿಯ ಫೋಮ್ ಚೂರುಗಳನ್ನು ಹಳೆ ಲುಂಗಿಯ ಚೀಲದಲ್ಲಿ ಹೊಲಿದು ಹಿಮ್ಮಡಿಯ ಪಕ್ಕ ಇಟ್ಟದ್ದು ಮಾತ್ರ ಭಾರೀ ಫಲ ಕೊಟ್ಟಿತು. ಗಟ್ಟಿಯಾಗಿದ್ದ ಜಾಗ ವಾರದಲ್ಲಿ ಮೆತ್ತಗಾಯಿತು. ಚೂರಿನ ಅಳತೆ ಮತ್ತು ಬೆರಳಿನ ಸುತ್ತು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಎರಡು ವರ್ಷದ ದುಡಿಮೆ.

ಕಟ್ಟುವುದು ಬಿಟ್ಟರೆ ಮತ್ತೆ ತುಂಬುತ್ತದೆ. ಅದಕ್ಕೇ ಅಕ್ಕನ ಮಗಳಿಗೆ ಕಟ್ಟುವುದು ಕಲಿಸಿದೆ. ಮೊನ್ನೆ ಅಕ್ಕ ಬಂದರಿನಿಂದ ನೇರ ಬಂದು ಗಮ್‌ಬೂಟ್ ಕಳಚಿದರು. ಮಗಳು ಬೆಳಗ್ಗೆ ನಾಲ್ಕಕ್ಕೆ ಕಟ್ಟಿದ ಸುತ್ತು ಒಂದೂ ಜಾರಿರಲಿಲ್ಲ.