ಹಳೆಯ ಕಂಪೈಲರ್‌ಗಳಿಗೂ ಒಗ್ಗುವ ಸಿ ಲೈಬ್ರರಿ

ಸಿ ಭಾಷೆಯಲ್ಲಿ ಬರೆದ ಲೈಬ್ರರಿಯನ್ನು (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡನ್ನು) ಯಾರು, ಕೋಡನ್ನು ಯಂತ್ರಭಾಷೆಗೆ ಪರಿವರ್ತಿಸುವ ಯಾವ ಕಾಲದ ಕಂಪೈಲರ್‌ನಲ್ಲಿ ಕಂಪೈಲ್ ಮಾಡುತ್ತಾರೆ ಎಂಬುದು ಬರೆದವರ ಹಿಡಿತದಲ್ಲಿರುವುದಿಲ್ಲ. ಆದ್ದರಿಂದ ಕೋಡ್‌ಗೆ ಕೈಹಾಕುವ ಮುನ್ನ, ಬೆಂಬಲಿಸಬೇಕಾದ ಅತ್ಯಂತ ಹಳೆಯ ಕಂಪೈಲರ್ ಯಾವುದೆಂದು ನಿರ್ಧರಿಸಿ ಬರೆದಿಡಬೇಕು. ‘ಎಲ್ಲೆಡೆ ನಡೆಯುತ್ತದೆ’ ಎಂಬ ಭರವಸೆಯನ್ನು ಯಾರೂ ಪರೀಕ್ಷಿಸಲಾರರು. ‘ಸಿ ಭಾಷೆಯ 1989ರ ಮಾನಕಕ್ಕೆ (ಸಿ89) ಬದ್ಧ’ ಎಂಬುದನ್ನು ಪರೀಕ್ಷಿಸಬಹುದು. ಜಾಲದ ಮೂಲಕ ದತ್ತಾಂಶ ಸಾಗಿಸುವ ತಂತ್ರಾಂಶವಾದ ಕರ್ಲ್‌ನ ಯೋಜನೆ ಇಂದಿಗೂ ಸಿ89ರ ಚೌಕಟ್ಟಿನಲ್ಲೇ ಕೋಡ್ ಬರೆಯುತ್ತದೆ.

ಎರಡನೆಯದಾಗಿ, ಆ ಗಡಿ ಮೀರಿದಾಗ ಕಂಪೈಲರ್ ತಾನೇ ದೂರುವಂತೆ ಮಾಡಬೇಕು. ಜಿಸಿಸಿ ಎಂಬ ಕಂಪೈಲರ್‌ಗೆ ಸಿ89 ಎಂದು ಸೂಚಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಮಾನಕ ಮೀರಿದ್ದನ್ನು ಎಚ್ಚರಿಸುವ ‘ಪೆಡಾಂಟಿಕ್’ ಆಯ್ಕೆಯನ್ನೂ ಸೇರಿಸದಿದ್ದರೆ, ಬ್ಲಾಕಿನ ನಡುವೆ ವೇರಿಯಬಲ್ ಘೋಷಿಸುವಂಥ ಸಿ99ರ (1999ರ ಮಾನಕದ) ಅನುಕೂಲಗಳನ್ನು ಅದು ಸದ್ದಿಲ್ಲದೆ ಒಪ್ಪಿಕೊಳ್ಳುತ್ತದೆ. ಅದೇ ಸಾಲನ್ನು ಸಿ ಕೋಡ್ ಎಂದು ಓದುವಾಗ ಮೈಕ್ರೋಸಾಫ್ಟ್‌ನ ವಿಷುಯಲ್ ಸ್ಟುಡಿಯೋ 2012 ದೋಷವೆಂದು ತಿರಸ್ಕರಿಸುತ್ತದೆ. 2013ರ ಆವೃತ್ತಿಯಲ್ಲಷ್ಟೇ ಅದಕ್ಕೆ ಅವಕಾಶ ಸಿಕ್ಕಿತು. ಪ್ರೋಗ್ರಾಂ ಓಡುವಾಗಷ್ಟೇ ಗಾತ್ರ ನಿಗದಿಯಾಗುವ ಅರೇಗಳನ್ನಂತೂ ಮುಟ್ಟದಿರುವುದೇ ಲೇಸು.

ಇಂಥ ವ್ಯಾಕರಣದ ತಪ್ಪುಗಳು ಕಂಪೈಲ್ ಮಾಡುವಾಗಲೇ ಸಿಕ್ಕಿಬೀಳುತ್ತವೆ. ಹೆಚ್ಚು ಕಾಡುವುದು ಜೊತೆಗೆ ಬರುವ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿನ ವ್ಯತ್ಯಾಸ. ಬಫರ್‌ಗೆ (ಮೆಮೊರಿಯಲ್ಲಿ ಕಾದಿಟ್ಟ ಜಾಗಕ್ಕೆ) ಪಠ್ಯ ಬರೆಯುವ ಎಸ್‌ಎನ್‌ಪ್ರಿಂಟ್‌ಎಫ್ ಫಂಕ್ಷನ್ನನ್ನೇ ನೋಡಿ. ಮೈಕ್ರೋಸಾಫ್ಟ್‌ನ ಕಂಪೈಲರ್‌ಗಳಲ್ಲಿ ಅದು ಮಾನಕದ ರೂಪದಲ್ಲಿ ದೊರೆತದ್ದು 2015ರ ಆವೃತ್ತಿಯಿಂದ; ಅದಕ್ಕೂ ಹಿಂದೆ ಇದ್ದದ್ದು ಹೆಸರಿನ ಮುಂದೆ ಅಂಡರ್‌ಸ್ಕೋರ್ ಹೊತ್ತ ಅದರ ದಾಯಾದಿ. ಎಂಟು ಬೈಟ್‌ಗಳ ಬಫರ್‌ಗೆ ಎಂಟಕ್ಷರದ ಪಠ್ಯ ಬರೆಸಿದರೆ ಎರಡೂ 8 ಎಂದೇ ಉತ್ತರಿಸುತ್ತವೆ. ಆದರೆ ಮಾನಕದ ಫಂಕ್ಷನ್ ಏಳಕ್ಷರ ಬರೆದು ಕೊನೆಯಲ್ಲಿ ಪಠ್ಯ ಮುಗಿಯಿತೆಂದು ಸೂಚಿಸುವ ಶೂನ್ಯ ಬೈಟ್ ಇಡುತ್ತದೆ; ಹಳೆಯದು ಎಂಟೂ ಅಕ್ಷರ ತುಂಬಿ, ಶೂನ್ಯ ಬೈಟ್ ಇಡದೆ ಸುಮ್ಮನಾಗುತ್ತದೆ. ಒಂಬತ್ತಕ್ಷರ ಕೊಟ್ಟರೆ ಮೊದಲನೆಯದು 9 ಎನ್ನುತ್ತದೆ, ಎರಡನೆಯದು ಋಣಸಂಖ್ಯೆ ಹಿಂದಿರುಗಿಸುತ್ತದೆ. ಹೀಗಾಗಿ ಮ್ಯಾಕ್ರೊ (ಒಂದು ಹೆಸರಿನ ಜಾಗದಲ್ಲಿ ಇನ್ನೊಂದನ್ನು ಇಡುವ ಸೂಚನೆ) ಬರೆದು ಹೆಸರು ಬದಲಿಸುವ, ಬಹಳ ಕಡೆ ಕಾಣಸಿಗುವ ಉಪಾಯ ಸಮಸ್ಯೆಯನ್ನು ಮುಚ್ಚಿಡುತ್ತದೆಯೇ ಹೊರತು ಬಗೆಹರಿಸುವುದಿಲ್ಲ. ಕೊನೆಯ ಬೈಟನ್ನು ತಾನೇ ಶೂನ್ಯವಾಗಿಸುವ, ಪಠ್ಯ ತುಂಡಾದದ್ದನ್ನು ಒಂದೇ ರೀತಿಯಲ್ಲಿ ತಿಳಿಸುವ ಸ್ವಂತ ಫಂಕ್ಷನ್ ಬರೆದು, ಉಳಿದ ಕೋಡ್ ಅದನ್ನೇ ಕರೆಯುವಂತೆ ಮಾಡಬೇಕು.

ಇಂಥ ಎಲ್ಲ ಹೊಂದಾಣಿಕೆಗಳೂ ಒಂದೇ ಆಂತರಿಕ ಹೆಡರ್ ಫೈಲಿನಲ್ಲಿರಲಿ (ಹೆಡರ್ ಎಂದರೆ ಹಲವು ಕೋಡ್ ಫೈಲುಗಳು ಸೇರಿಸಿಕೊಳ್ಳುವ ಘೋಷಣೆಗಳ ಫೈಲು). ಪೂರ್ಣಾಂಕಗಳ ವಿಷಯದಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ‘ಲಾಂಗ್’ ಎಂಬ ಪೂರ್ಣಾಂಕ ಟೈಪು 64 ಬಿಟ್ ಲಿನಕ್ಸ್‌ನಲ್ಲಿ 64 ಬಿಟ್, 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್. ನಿಶ್ಚಿತ ಗಾತ್ರದ ಟೈಪ್‌ಗಳನ್ನು ಕೊಡುವ ‘ಎಸ್‌ಟಿಡಿಇಂಟ್’ ಹೆಡರ್ ಇದೆಯೇ ಎಂದು ತಿಳಿಯಲು ಮಾನಕದ ಆವೃತ್ತಿ ಹೇಳುವ ಮ್ಯಾಕ್ರೊ ಒಂದನ್ನೇ ನಂಬಬಾರದು. ವಿಷುಯಲ್ ಸ್ಟುಡಿಯೋ 2010ರಲ್ಲಿ ಹೆಡರ್ ಇದೆ, ಸಿ99 ಎಂದು ಸಾರುವ ಮ್ಯಾಕ್ರೊ ಇಲ್ಲ. ಅಲ್ಲಿ ಕಂಪೈಲರ್‌ನ ಸ್ವಂತ ಆವೃತ್ತಿ ಸಂಖ್ಯೆ 1600 ಅಥವಾ ಮೇಲಿದೆಯೇ ಎಂದು ನೋಡಬೇಕು.

ಬಳಕೆದಾರರ ಕೈಸೇರುವ ಹೆಡರ್‌ನಲ್ಲಿ ಪ್ರತಿ ಹೆಸರಿಗೂ ಲೈಬ್ರರಿಯದೇ ಪೂರ್ವಪದವಿರಬೇಕು. ಹೌದು-ಅಲ್ಲ ಮೌಲ್ಯಗಳ ‘ಬೂಲ್’ ಎಂಬ ಟೈಪನ್ನು ನಾವೇ ಸೃಷ್ಟಿಸಿ ಹಂಚಿದರೆ ಅವರ ಕೋಡ್‌ನ ಜೊತೆ ತಿಕ್ಕಾಟ ಖಚಿತ. ಹೊಸ ಮಾನಕವಾದ ಸಿ23ರಲ್ಲಿ ಅದು ಭಾಷೆಯ ಮೀಸಲು ಪದವೇ ಆಗಿದೆ, ಜಿಸಿಸಿ 15 ಆ ಮಾನಕವನ್ನೇ ಮೂಲ ಆಯ್ಕೆಯಾಗಿಸಿಕೊಂಡಿದೆ. ಹಳೆಯದಕ್ಕೆಂದು ಬರೆದ ಸಾಲು ಹೊಸ ಕಂಪೈಲರ್‌ನಲ್ಲಿ ಮುರಿಯುವುದು ಹೀಗೆ.

ಕಡೆಯದಾಗಿ, ಪ್ರತಿ ಬದಲಾವಣೆಯ ನಂತರ ಆ ಹಳೆಯ ಕಂಪೈಲರ್‌ನಲ್ಲೇ ವರ್ಚುವಲ್ ಯಂತ್ರವೊಂದರೊಳಗೆ ಕಂಪೈಲ್ ಮಾಡಿ, ಪರೀಕ್ಷೆಗಳನ್ನು ಓಡಿಸಬೇಕು. ಹೊಸ ಕಂಪೈಲರ್‌ಗೆ ಎಷ್ಟೇ ಕಟ್ಟುನಿಟ್ಟಿನ ಆಯ್ಕೆ ಕೊಟ್ಟರೂ, ಹಳೆಯ ಸ್ಟ್ಯಾಂಡರ್ಡ್ ಲೈಬ್ರರಿ ಶೂನ್ಯ ಬೈಟ್ ಇಡುವುದಿಲ್ಲವೆಂದು ಅದು ಹೇಳಲಾರದು. ಅಂಥ ಯಂತ್ರವನ್ನು ಉಳಿಸಿಕೊಳ್ಳಲಾಗದ ದಿನ, ಆ ಆವೃತ್ತಿಯನ್ನು ಬೆಂಬಲದ ಪಟ್ಟಿಯಿಂದ ತೆಗೆದು, ಕನಿಷ್ಠ ಆವೃತ್ತಿಗಿಂತ ಹಳೆಯದು ಎದುರಾದರೆ ಹೆಡರ್‌ನಲ್ಲೇ ದೋಷ ಸಂದೇಶ ಬರುವಂತೆ ಮಾಡಬೇಕು.