ಬಣ್ಣ ಬಳಿಯದೆ ಎಬ್ಬಿಸಿದ ರ‍್ಯಾಲಿ

ಹಳೆ ಸೈಕಲ್ ಮನೆಗೆ ತಂದ ಕೂಡಲೇ ನೋಡಿದವರೆಲ್ಲ ಕೇಳುವುದು ಒಂದೇ ಮಾತು: ‘ಯಾವ ಬಣ್ಣ ಹೊಡಸ್ತೀರಿ?’ ನಾನು ಹೊಡೆಸುವುದಿಲ್ಲ. ಧಾರವಾಡದ ನಮ್ಮ ಮನೆಯಲ್ಲಿರುವ ಇಂಗ್ಲೆಂಡ್ ಕಂಪನಿಯ ಸೈಕಲ್ ರ‍್ಯಾಲಿಯ ಮೈತುಂಬ ಗೀರುಗಳಿವೆ, ಹಿಂದಿನ ಮಡ್‌ಗಾರ್ಡಿನ ತುದಿಯಲ್ಲಿ ಕಪ್ಪು ಬಣ್ಣ ಎದ್ದು ಕಬ್ಬಿಣ ಕಾಣುತ್ತದೆ. ಆದರೆ ಹತ್ತಿ ಕೂತರೆ ಒಂದು ಕಿರುಗುಟ್ಟುವ ಸದ್ದಿಲ್ಲ. ನನಗೆ ಬೇಕಾಗಿದ್ದು ಅಷ್ಟೇ. ಪೆಡಲ್ ತೋಳು ಹಿಡಿಸುವ ಬೆಣೆ, ಅಂದರೆ ಕಾಟರ್ ಪಿನ್, ಅಲ್ಲಾಡುವ ಗಾಡಿಗೆ ಪೌಡರ್ ಕೋಟಿಂಗ್ ಮಾಡಿಸಿ ಹಾಲ್‌ನಲ್ಲಿ ನಿಲ್ಲಿಸಿದವರನ್ನು ಬೇಕಾದಷ್ಟು ನೋಡಿದ್ದೇನೆ.

ಗುಜರಿ ಅಂಗಡಿಯಲ್ಲಿ ಇದನ್ನು ಕೊಳ್ಳಲು ಕಾರಣ ಹಿಂದಿನ ಚಕ್ರದ ನಡುವಿನ ಹಬ್. ಮೇಲಿನ ಜಿಡ್ಡನ್ನು ಹೆಬ್ಬೆರಳಿನಿಂದ ಉಜ್ಜಿದಾಗ ‘ಸ್ಟರ್ಮಿ ಆರ್ಚರ್, ಎಡಬ್ಲ್ಯೂ’ ಅಂತ ಅಕ್ಷರ ಕಂಡವು, ಪಕ್ಕದಲ್ಲಿ 54. ಹೆಸರು ಹಬ್ ಮಾಡಿದ ಕಂಪನಿಯದು, ಎಡಬ್ಲ್ಯೂ ಅದರ ಮಾದರಿ, 54 ತಯಾರಾದ ಇಸವಿ, 1954. ಫ್ರೇಮಿನ ವಯಸ್ಸೂ ಅಷ್ಟೇ ಎಂದು ಆಣೆ ಮಾಡಲಾಗದು, ಚಕ್ರ ಯಾವಾಗ ಬೇಕಾದರೂ ಬದಲಾಗಿರಬಹುದು. ನಾಟಿಂಗ್‌ಹ್ಯಾಮಿನಲ್ಲಿ 1936ರಿಂದ ಮಾಡುತ್ತಿದ್ದ ಮೂರು ಗೇರಿನ ಹಬ್ ಇದು. ಹಲ್ಲುಗಳೆಲ್ಲ ಹೊಟ್ಟೆಯೊಳಗೆ, ಧೂಳು ಮಳೆ ಯಾವುದೂ ತಾಗುವುದಿಲ್ಲ. ಎರಡನೇ ಗೇರಿನಲ್ಲಿ ಚಕ್ರ ನೇರವಾಗಿ ತಿರುಗುತ್ತದೆ, ಒಂದರಲ್ಲಿ ಅದಕ್ಕಿಂತ ಕಾಲುಭಾಗ ನಿಧಾನ, ಮೂರರಲ್ಲಿ ಮೂರನೇ ಒಂದು ಭಾಗ ವೇಗ.

ಇಂಥ ಹಬ್ ಸಿಕ್ಕರೆ ಮೊದಲೇ ಬಿಚ್ಚಲು ಹೋಗಬೇಡಿ. ಅದರ ಮೈಮೇಲೆ ಎಣ್ಣೆ ಬಿಡಲು ಮುಚ್ಚಳವಿರುವ ಪುಟ್ಟ ತೂತು ಇರುತ್ತದೆ. ಅದರಲ್ಲಿ ಒಂದು ಚಮಚ ಸೀಮೆಎಣ್ಣೆ ಬಿಟ್ಟು, ಚಕ್ರ ತಿರುಗಿಸಿ, ರಾತ್ರಿಯೆಲ್ಲ ಪೇಪರ್ ಮೇಲೆ ಅಡ್ಡ ಮಲಗಿಸಿದೆ. ಬೆಳಿಗ್ಗೆ ಪೇಪರ್ ಮೇಲೆ ಡಾಂಬರಿನಂಥ ಕಪ್ಪು ರಸ ಹರಡಿತ್ತು. ಸೋರುವುದು ತಿಳಿಯಾಗುವ ತನಕ ಹೀಗೇ ಮಾಡಿ, ಆಮೇಲೆ ತೆಳು ಮಷಿನ್ ಎಣ್ಣೆ ಬಿಟ್ಟೆ. ಒಳಗೆ ಹಲ್ಲು ಹಿಡಿಯುವ ಪುಟ್ಟ ನಾಲಿಗೆಗಳು ಬಿಡಿಸಿಕೊಂಡು ಟಿಕ್ ಟಿಕ್ ಅನ್ನತೊಡಗಿದವು. ಈ ಹಬ್ಬಿಗೆ ಗ್ರೀಸ್ ತುಂಬುವುದು ಮಾತ್ರ ಬೇಡ, ನಾಲಿಗೆಗಳು ಅಂಟಿಕೊಂಡು ಗೇರು ಹಿಡಿಯುವುದಿಲ್ಲ.

ನಿಜವಾಗಿ ಬೆವರಿಳಿಸಿದ್ದು ಕಾಟರ್ ಪಿನ್. ಪೆಡಲ್ ತೋಳನ್ನು ಆಕ್ಸಲ್‌ಗೆ ಹಿಡಿಸುವ ಬೆಣೆ ಅದು, ದಶಕಗಳ ತುಕ್ಕಿನಿಂದ ಎರಡೂ ಒಂದಾಗಿರುತ್ತವೆ. ಸುತ್ತಿಗೆ ಎತ್ತಿದ್ದೇ ತಡ, ನಮ್ಮ ಓಣಿಯ ಸೈಕಲ್ ಅಂಗಡಿಯ ಚಾಚಾ ಕೈ ಹಿಡಿದರು. ‘ತಮ್ಮಾ, ಹೊಡಿಬ್ಯಾಡ. ಮೊದಲ ತಳಗ ಪೈಪ್ ಕೊಡು. ಇಲ್ಲಾಂದ್ರ ಪೆಟ್ಟು ಪಿನ್ನಿಗೆ ಬೀಳೂದಿಲ್ಲ, ಒಳಗಿನ ಬಾಲ್ಸಿಗೆ ಬೀಳತದ.’ ಪಿನ್ನಿನ ತಲೆ ಒಳಗೆ ಇಳಿಯುವಷ್ಟು ಅಗಲದ ಕಬ್ಬಿಣದ ಪೈಪನ್ನು ತೋಳಿನ ಕೆಳಗೆ ನೆಲಕ್ಕೆ ಊರಿದೆವು. ನಟ್ಟನ್ನು ಪಿನ್ನಿನ ತುದಿಗೆ ಸಮನಾಗುವಷ್ಟು ಸಡಿಲಿಸಿ ಅಲ್ಲೇ ಬಿಟ್ಟರು, ತಿರುಪಿನ ಎಳೆ ಕೆಡಬಾರದಲ್ಲ. ಆಮೇಲೆ ಭಾರದ ಸುತ್ತಿಗೆಯಿಂದ ಒಂದೇ ಗಟ್ಟಿ ಪೆಟ್ಟು. ಸಣ್ಣ ಸಣ್ಣ ಪೆಟ್ಟುಗಳಿಂದ ಪಿನ್ನಿನ ತುದಿ ಹೂವಾಗಿ ಅರಳುತ್ತದೆಯೇ ಹೊರತು ಹೊರಗೆ ಬರುವುದಿಲ್ಲ. ಹೊಸ ಪಿನ್ನನ್ನು ಹಾಗೇ ತುರುಕುವಂತಿಲ್ಲ. ಚಪ್ಪಟೆ ಮುಖವನ್ನು ಅರದಿಂದ ಉಜ್ಜಿ ಉಜ್ಜಿ ಕೂರಿಸಬೇಕು, ಎಡದ್ದನ್ನೂ ಬಲದ್ದನ್ನೂ ಒಂದಕ್ಕೊಂದು ಎದುರು ದಿಕ್ಕಿನಿಂದ ಹಾಕಬೇಕು. ಎರಡನ್ನೂ ಸಮನಾಗಿ ಉಜ್ಜದಿದ್ದರೆ ಪೆಡಲ್‌ಗಳು ಒಂದೇ ಸಾಲಿನಲ್ಲಿ ನಿಲ್ಲದೆ ಮೊಣಕಾಲು ನೋಯುತ್ತದೆ. ಸ್ವಲ್ಪ ದೂರ ಓಡಿಸಿ ಬಂದು ಇನ್ನೊಮ್ಮೆ ಬಡಿದು ನಟ್ ಬಿಗಿ ಮಾಡುವುದೂ ಕಡ್ಡಾಯ.

ರ‍್ಯಾಲಿ ಕೊಳ್ಳುವವರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಬೇರೆ ಇಂಗ್ಲಿಷ್ ಸೈಕಲ್‌ಗಳ ಬಿ.ಬಿ. ಕಪ್ಪಿಗೆ (ಪೆಡಲ್ ಆಕ್ಸಲ್ ಕೂರುವ ಬಾಟಮ್ ಬ್ರಾಕೆಟ್ಟಿನ ಬಟ್ಟಲು) ಇಂಚಿಗೆ 24 ಎಳೆ, ರ‍್ಯಾಲಿಯದು 26. ಬೇರೆ ಕಪ್ಪನ್ನು ತಿರುಗಿಸಿದರೆ ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಕಚ್ಚಿಕೊಳ್ಳುತ್ತದೆ. ಅಲ್ಲಿ ಪಾನಾ ಹಾಕಿ ಬಲ ಪ್ರಯೋಗಿಸಿದರೆ ಫ್ರೇಮೇ ಹಾಳು. ಆದ್ದರಿಂದ ಹಳೆಯ ಕಪ್‌ಗಳನ್ನೇ ತೊಳೆದು ಬಾಲ್ಸ್ ಮಾತ್ರ ಹೊಸದು ಹಾಕಿದೆ.

ಟೈರಿನ ಚಿಂತೆಯೇ ಇಲ್ಲ. 28ರ ಒಂದೂವರೆ ಇಂಚಿನ ಟೈರು ಯಾವ ತಾಲೂಕಿನ ಅಂಗಡಿಯಲ್ಲೂ ಸಿಗುತ್ತದೆ, ನಮ್ಮ ಹಾಲಿನವರ ಸೈಕಲ್ಲಿನ ಅಳತೆಯೂ ಅದೇ. ಕಡ್ಡಿಗಳೂ ಹಾಗೇ, ಮುಂದೆ 32, ಹಿಂದೆ 40.

ತುಕ್ಕಿಗೆ ಆಕ್ಸಾಲಿಕ್ ಆಸಿಡ್ ಪುಡಿ ನೀರಿಗೆ ಹಾಕಿ, ಹ್ಯಾಂಡಲ್ ಮತ್ತು ಬ್ರೇಕ್ ರಾಡ್‌ಗಳನ್ನು ಅದರಲ್ಲಿ ಮುಳುಗಿಸಿಟ್ಟೆ. ಅದು ವಿಷ, ಕೈಗೆ ಗ್ಲೌಸ್ ಇರಲೇಬೇಕು, ಮಕ್ಕಳು ಓಡಾಡುವ ಕಡೆ ಬಕೆಟ್ ಇಡಬಾರದು. ಕ್ರೋಮ್ ಉಳಿದಿದ್ದ ಕಡೆಯೆಲ್ಲ ಬೆಳ್ಳಗಾಯಿತು, ಹೋದ ಕಡೆ ಬೂದು ಬಣ್ಣ ಉಳಿಯಿತು. ಉಳಿಯಲಿ. ಫ್ರೇಮಿನ ಮೇಲಿನ ಬಂಗಾರದ ಗೆರೆ ಮತ್ತು ಅಕ್ಷರಗಳಿಗೆ ಮೆತ್ತಗಿನ ಬಟ್ಟೆ, ಸೋಪಿನ ನೀರು, ಕೊನೆಗೆ ಮೇಣ, ಇಷ್ಟೇ. ಥಿನ್ನರ್ ತಾಗಿಸಿದರೆ ಗೆರೆಗಳು ಬಟ್ಟೆಗೆ ಬರುತ್ತವೆ, ಮತ್ತೆ ಫ್ರೇಮಿಗೆ ಬರುವುದಿಲ್ಲ.

ಇಟಲಿಯ ಟಸ್ಕನಿಯಲ್ಲಿ 1997ರಿಂದ ನಡೆಯುವ ‘ಎರೋಯಿಕಾ’ದಲ್ಲಿ 1987ಕ್ಕಿಂತ ಹಿಂದಿನ ರೇಸ್ ಸೈಕಲ್‌ಗಳನ್ನು ಮಣ್ಣುದಾರಿಯಲ್ಲಿ ಓಡಿಸುತ್ತಾರೆ. ನನ್ನದು ಆ ಜಾತಿಯದಲ್ಲ, ಇಪ್ಪತ್ತು ಕಿಲೋ ಹತ್ತಿರದ ಎಮ್ಮೆ. ಇದನ್ನು ಅಳ್ನಾವರದ ದಾರಿಗೆ ಬಿಟ್ಟರೆ ಸಮತಟ್ಟಿನಲ್ಲಿ ಗತ್ತಿನಿಂದ ಹೋಗುತ್ತದೆ, ಏರು ಬಂದಾಗ ಗೊಣಗುತ್ತದೆ. ಚೈನ್ ಓಡುವ ಚಕ್ರಗಳಲ್ಲಿ ಮುಂದೆ 46 ಹಲ್ಲು, ಹಿಂದೆ 18 ಇತ್ತು. ಹಿಂದಿನದನ್ನು 22ಕ್ಕೆ ಬದಲಾಯಿಸಿ, ಚೈನಿಗೆ ಕೊಂಡಿ ಸೇರಿಸಿದ ಮೇಲೆ ಕೆಲಗೇರಿಯ ಏರನ್ನು ಇಳಿಯದೆ ಹತ್ತುತ್ತೇನೆ. ಗೇರಿನ ತಂತಿ ಮಾತ್ರ ಸರಿಯಿರಬೇಕು. ಲಿವರನ್ನು ಎರಡಕ್ಕಿಟ್ಟು ಬಲಬದಿಯ ನಟ್ಟಿನ ತೂತಿನಲ್ಲಿ ಇಣುಕಿದರೆ, ಗೇರಿನ ಪುಟ್ಟ ಸರಪಳಿಯ ಕಡ್ಡಿಯ ತುದಿ ಆಕ್ಸಲ್ ತುದಿಗೆ ಸಮನಾಗಿ ಕಾಣಬೇಕು. ಹಾಗಿಲ್ಲದೆ ಎದ್ದು ನಿಂತು ತುಳಿದರೆ ಎರಡಕ್ಕೂ ಮೂರಕ್ಕೂ ನಡುವೆ ಪೆಡಲ್ ಖಾಲಿ ತಿರುಗಿ ಮಂಡಿ ಹ್ಯಾಂಡಲ್‌ಗೆ ಬಡಿಯುತ್ತದೆ.

ಇಳಿಜಾರಿನ ಕಥೆ ಬೇರೆ. ರಾಡ್ ಬ್ರೇಕಿನ ರಬ್ಬರ್ ರಿಮ್ಮಿನ ಒಳಮುಖವನ್ನು ಒತ್ತುತ್ತದೆ. ಒಣಗಿದ್ದರೆ ಪರವಾಗಿಲ್ಲ, ಉಕ್ಕಿನ ರಿಮ್ ಒದ್ದೆಯಾದರೆ ಬ್ರೇಕ್ ಒತ್ತುವುದೂ ದೇವರಿಗೆ ಕೈ ಮುಗಿಯುವುದೂ ಒಂದೇ. ಹಾಗಾಗಿ ಮಳೆಗಾಲದಲ್ಲಿ ಇದು ಮಾರ್ಕೆಟ್‌ಗೆ ಮಾತ್ರ, ಅದೂ ಇಳಿಜಾರಿಲ್ಲದ ದಾರಿ ಹಿಡಿದು. ಧಾರವಾಡದಲ್ಲಿ ಅಂಥ ದಾರಿ ಹುಡುಕುವುದು ಕಾಟರ್ ಪಿನ್ ತೆಗೆಯುವುದಕ್ಕಿಂತ ಕಷ್ಟ.