ಇಳಿದವರನ್ನು ಇಳಿದಲ್ಲೇ ಕೇಳಿದೆವು: ನಗರ ಫ್ರೀವೇಯ ಲೋಗೋ ಫಲಕಗಳ ಜನಾಭಿಪ್ರಾಯ ಸಮೀಕ್ಷೆ

ಮುಂದಿನ ಎಕ್ಸಿಟ್‌ನಲ್ಲಿ (ಹೊರದಾರಿಯಲ್ಲಿ) ಇಳಿದರೆ ಸಿಗುವ ಊಟ, ಪೆಟ್ರೋಲಿನಂಥ ಸೇವೆಗಳ ಅಂಗಡಿ ಗುರುತುಗಳನ್ನು ತೋರಿಸುವ, ಫ್ರೀವೇ ಬದಿಯ ನೀಲಿ ಲೋಗೋ ಫಲಕಗಳ ಬಗ್ಗೆ ಮನೆಯಲ್ಲಿ ಕುಳಿತವರನ್ನು ಕೇಳಿ ಪ್ರಯೋಜನವಿಲ್ಲ, ಎಕ್ಸಿಟ್ ಇಳಿದು ಗಾಡಿ ನಿಲ್ಲಿಸಿದವರನ್ನು ಅಲ್ಲಿಯೇ ಕೇಳಬೇಕು ಎಂದು ನಾನು ಹೇಳತೊಡಗಿ ಹಲವು ವರ್ಷಗಳಾಗಿದ್ದವು. ಸಮೀಕ್ಷೆಯ ವೃತ್ತಿಯಲ್ಲಿ ನನಗಿಂತ ಹಿರಿಯರಾದ ಸಹೋದ್ಯೋಗಿಗಳು ಇದನ್ನು ಒಪ್ಪಿರಲಿಲ್ಲ. ಇಳಿದವರನ್ನೇ ಕೇಳಿದರೆ ಫಲಕ ಬೇಕೆಂದೇ ಹೇಳುತ್ತಾರೆ, ಅದು ದೇವಸ್ಥಾನದ ಬಾಗಿಲಲ್ಲಿ ನಿಂತು ಭಕ್ತರಿದ್ದಾರೆಯೇ ಎಂದು ವಿಚಾರಿಸಿದಂತೆ ಎಂಬುದು ಅವರ ಆಕ್ಷೇಪವಾಗಿತ್ತು. ಕೊನೆಗೂ ಅಮೆರಿಕದ ವರ್ಜೀನಿಯಾ ರಾಜ್ಯದ ಐ-95 ಹೆದ್ದಾರಿಯಲ್ಲಿ, ವಾಷಿಂಗ್ಟನ್‌ಗೆ ದಕ್ಷಿಣದಲ್ಲಿರುವ ಡೇಲ್ ಸಿಟಿಯ 156ನೇ ಎಕ್ಸಿಟ್‌ನಿಂದ ಫ್ರೆಡರಿಕ್ಸ್‌ಬರ್ಗ್‌ನ 130ನೇ ಎಕ್ಸಿಟ್‌ವರೆಗಿನ ಹರವಿನಲ್ಲಿ ಈ ವಿಧಾನವನ್ನು ಪೂರ್ಣವಾಗಿ ನಡೆಸಿ ನೋಡಲು ನಮ್ಮ ಸಣ್ಣ ಸಂಸ್ಥೆಗೆ ಅವಕಾಶ ದೊರೆಯಿತು. ಅದು ಫಲ ಕೊಟ್ಟಿದೆ. ಇದೇ ಕೆಲಸದಲ್ಲಿರುವ ಕನ್ನಡಿಗರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಆ ಹರವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ನ್ಯೂಯಾರ್ಕ್ ಕಡೆಯಿಂದ ಫ್ಲೋರಿಡಾಕ್ಕೆ ಹೋಗುವ ದೂರ ಪ್ರಯಾಣಿಕರೂ, ದಿನವೂ ವಾಷಿಂಗ್ಟನ್‌ಗೆ ಕೆಲಸಕ್ಕೆ ಹೋಗಿ ಬರುವ ಸ್ಥಳೀಯರೂ ಅಲ್ಲಿ ಒಂದೇ ಫಲಕದ ಕೆಳಗೆ ಹಾದುಹೋಗುತ್ತಾರೆ. ನಗರ ಫ್ರೀವೇಯ ಲೋಗೋ ಫಲಕದ ಜಗಳವೆಲ್ಲ ಈ ಇಬ್ಬರ ನಡುವಿನದು. ಐ-95ರಂಥ ಇಂಟರ್‌ಸ್ಟೇಟ್ ಹೆದ್ದಾರಿಯ ಸ್ವಂತ ಜಾಗದೊಳಗೆ, ಹಳೆಯ ಕೆಲವು ಟೋಲ್ ರಸ್ತೆಗಳನ್ನು ಬಿಟ್ಟರೆ, ಹೋಟೆಲನ್ನೋ ಗ್ಯಾಸ್ ಸ್ಟೇಷನ್ (ಪೆಟ್ರೋಲ್ ಬಂಕ್) ಅನ್ನೋ ನಡೆಸಲು ಫೆಡರಲ್ ಕಾನೂನು ಬಿಡುವುದಿಲ್ಲವಾದ್ದರಿಂದ, ಹಸಿದವನು ಇಳಿಯಲೇಬೇಕು. ಎಲ್ಲಿ ಇಳಿಯಬೇಕೆಂದು ಹೇಳಲು ಈ ಫಲಕಗಳು ಹುಟ್ಟಿದವು. ಹಳ್ಳಿಗಾಡಿನಲ್ಲಿ ಇದಕ್ಕೆ ಯಾರ ತಕರಾರೂ ಇಲ್ಲ. ನಗರದಲ್ಲಿ ಎಕ್ಸಿಟ್‌ಗಳು ಮೈಲಿಗೊಂದರಂತೆ ಬರುತ್ತವೆ, ಹಸಿರು ದಿಕ್ಕುಫಲಕಗಳೇ ಜಾಗವನ್ನೆಲ್ಲ ತಿನ್ನುತ್ತವೆ, ಎರಡು ಫಲಕಗಳ ನಡುವೆ ಇರಬೇಕಾದ 800 ಅಡಿ ಅಂತರವನ್ನು ಹೊಂದಿಸುವುದೇ ಕಷ್ಟವಾಗುತ್ತದೆ. ಗಂಟೆಗೆ 60 ಮೈಲಿ ವೇಗದಲ್ಲಿ 800 ಅಡಿ ಎಂದರೆ ಒಂಬತ್ತು ಸೆಕೆಂಡು. ಅಷ್ಟರೊಳಗೆ ಚಾಲಕನು ಆರು ಲೋಗೋಗಳನ್ನು ನೋಡಿ, ಒಂದನ್ನು ಆರಿಸಿ, ಲೇನ್ ಬದಲಿಸುವ ಯೋಚನೆಯನ್ನೂ ಮಾಡಬೇಕು. ರಸ್ತೆಫಲಕಗಳ ಫೆಡರಲ್ ಕೈಪಿಡಿಯ 2009ರ ಆವೃತ್ತಿಯು ಈ ಫಲಕಗಳನ್ನು ಮುಖ್ಯವಾಗಿ ಗ್ರಾಮೀಣ ಸ್ವರೂಪದ ಪ್ರದೇಶಗಳಿಗೆ, ಇಲ್ಲವೇ ಸಾಕಷ್ಟು ಅಂತರ ಸಿಗುವ ಕಡೆಗಳಿಗೆ ಸೀಮಿತಗೊಳಿಸಬೇಕೆಂದು ಹೇಳಿದ್ದು ಇದೇ ಕಾರಣಕ್ಕೆ. ನಮಗೆ ಕೆಲಸ ಕೊಟ್ಟವರ ಪ್ರಶ್ನೆ ಸರಳವಾಗಿತ್ತು: ಈ ಭಾಗದಲ್ಲಿ ಫಲಕಗಳನ್ನು ಹೆಚ್ಚಿಸಿದರೆ ಜನ ಒಪ್ಪುತ್ತಾರೆಯೇ?

ಮೊದಲು ಅಂಚೆಯಲ್ಲಿ ಕೇಳಬೇಕೆಂದು ಕೆಲಸ ಕೊಟ್ಟವರು ಪಟ್ಟು ಹಿಡಿದರು. ಸುಮಾರು ನಾಲ್ಕು ಸಾವಿರ ಲಕೋಟೆಗಳು ಹೋದವು. ಮುದ್ರಣ, ಅಂಚೆವೆಚ್ಚ, ಮರಳಿ ಕಳಿಸುವ ಲಕೋಟೆ ಎಲ್ಲ ಸೇರಿ ಒಂದೊಂದಕ್ಕೆ ಎರಡು ಡಾಲರಿಗಿಂತ ಹೆಚ್ಚೇ ತಗುಲಿತು. ನೂರಕ್ಕೆ ಆರೋ ಏಳೋ ಮರಳಿ ಬಂದವು, ಅಂದರೆ ಒಂದೊಂದು ಉತ್ತರಕ್ಕೆ ಮೂವತ್ತು ಡಾಲರಿನ ಆಚೀಚೆ ಬಿತ್ತು. ಇಷ್ಟು ದುಡ್ಡು ಕೊಟ್ಟು ಪಡೆದ ಉತ್ತರಗಳಲ್ಲಿ ಬಹುಪಾಲು ಇಪ್ಪತ್ತು ಮೂವತ್ತು ವರ್ಷಗಳಿಂದ ಅಲ್ಲಿಯೇ ನೆಲೆಸಿರುವ ಹಿರಿಯರದು. ಅವರಿಗೆ ಪ್ರತಿ ಎಕ್ಸಿಟ್ ಕೆಳಗಿನ ಪ್ರತಿ ಅಂಗಡಿಯೂ ಗೊತ್ತು. ಫಲಕ ಏಕೆ ಬೇಕು ಎಂದು ಅವರು ಕೇಳಿದ್ದು ಸಹಜವೇ. ಆದರೆ ಅದನ್ನು ರಸ್ತೆ ಬಳಸುವವರ ಅಭಿಪ್ರಾಯವೆಂದು ಕರೆಯಲು ಬರುವುದಿಲ್ಲ. ಫೋನ್ ಸಮೀಕ್ಷೆಯಲ್ಲಿ ಪರಿಸ್ಥಿತಿ ಇನ್ನೂ ಹದಗೆಟ್ಟಿತು. ಗುರುತಿಲ್ಲದ ಸಂಖ್ಯೆಯ ಕರೆಯನ್ನು ಈಗ ಯಾರೂ ಎತ್ತುವುದಿಲ್ಲ, ಎತ್ತಿದವರಲ್ಲಿಯೂ ಅರ್ಧಕ್ಕರ್ಧ ಜನ ದೊಡ್ಡ ಬಿಲ್‌ಬೋರ್ಡನ್ನೂ ಸರ್ಕಾರದ ನೀಲಿ ಫಲಕವನ್ನೂ ಒಂದೇ ಎಂದು ತಿಳಿದು ಉತ್ತರಿಸಿದರು. ಅಂತರ್ಜಾಲದ ಪ್ರಶ್ನಾವಳಿಯಂತೂ ವ್ಯಾಪಾರಿಗಳ ಕೈಗೆ ಸಿಕ್ಕಿತು. ಒಂದು ವಾರಾಂತ್ಯದಲ್ಲಿ ನೂರಾರು ಉತ್ತರಗಳು ಒಂದೇ ಧಾಟಿಯಲ್ಲಿ ಬಂದು ಬಿದ್ದಾಗ, ಯಾವುದೋ ಅಂಗಡಿಯವರು ತಮ್ಮ ಗಿರಾಕಿಗಳಿಗೆ ಕೊಂಡಿ ಹಂಚಿದ್ದಾರೆಂದು ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಈ ಮೂರಕ್ಕೂ ಸೇರಿ ಬಜೆಟ್ಟಿನ ಅರ್ಧದಷ್ಟು ಕರಗಿತ್ತು. ಆಗ ನನ್ನ ವಿಧಾನಕ್ಕೆ ಬಾಗಿಲು ತೆರೆಯಿತು.

ನಾವು ಮಾಡಿದ್ದಿಷ್ಟು. ಎಕ್ಸಿಟ್ ಇಳಿದ ಕೂಡಲೇ ಸಿಗುವ ಗ್ಯಾಸ್ ಸ್ಟೇಷನ್ ಮತ್ತು ತಿಂಡಿ ಮಳಿಗೆಗಳ ಮಾಲೀಕರಲ್ಲಿ ಅನುಮತಿ ಕೇಳಿದೆವು. ದೊಡ್ಡ ಸರಪಳಿಗಳ ಅಂಗಡಿಗಳಲ್ಲಿ ಕೇಂದ್ರ ಕಚೇರಿಯ ಅನುಮತಿಗಾಗಿ ಕಾಯುವುದೇ ಒಂದು ಕೆಲಸವಾಯಿತು. ಒಬ್ಬಿಬ್ಬರು ಮಾಲೀಕರೇ ನಡೆಸುವ ಕಡೆಗಳಲ್ಲಿ ಅರ್ಧ ಗಂಟೆ ಮಾತಾಡಿದರೆ ಸಾಕಾಗುತ್ತಿತ್ತು. ಕಾಲೇಜು ವಿದ್ಯಾರ್ಥಿಗಳನ್ನು ಗಂಟೆಗೆ ಹದಿನೆಂಟು ಇಪ್ಪತ್ತು ಡಾಲರಿನಂತೆ ನೇಮಿಸಿಕೊಂಡೆವು, ಉತ್ತರಿಸಿದವರಿಗೆ ಐದು ಡಾಲರಿನ ಕೂಪನ್ ಕೊಟ್ಟೆವು, ವಿಮೆಗೆ ಬೇರೆ ಖರ್ಚಾಯಿತು. ಗ್ಯಾಸ್ ತುಂಬುವ ಮೂರ್ನಾಲ್ಕು ನಿಮಿಷದಲ್ಲಿ ಮನುಷ್ಯನಿಗೆ ಬೇರೆ ಕೆಲಸವಿರುವುದಿಲ್ಲವಾದ್ದರಿಂದ ಹತ್ತರಲ್ಲಿ ಆರೇಳು ಮಂದಿ ಒಪ್ಪಿ ಮಾತಾಡಿದರು. ಒಂದು ಉತ್ತರಕ್ಕೆ ತಗುಲಿದ ಒಟ್ಟು ವೆಚ್ಚ ಹನ್ನೆರಡು ಹದಿಮೂರು ಡಾಲರು ದಾಟಲಿಲ್ಲ. ಅಂಚೆಯ ಖರ್ಚಿನ ಅರ್ಧಕ್ಕಿಂತಲೂ ಇದು ಕಡಿಮೆ. ಉತ್ತರದ ಗುಣದಲ್ಲಿ ಹೋಲಿಕೆಯೇ ಇಲ್ಲ.

ನಮ್ಮ ಮೊದಲ ಪ್ರಶ್ನೆಯಲ್ಲಿ ಫಲಕದ ಮಾತೇ ಇರಲಿಲ್ಲ. ಈ ಎಕ್ಸಿಟ್‌ನಲ್ಲಿ ಇಳಿಯಬೇಕೆಂದು ಯಾವಾಗ ನಿರ್ಧರಿಸಿದಿರಿ ಎಂದು ಮಾತ್ರ ಕೇಳುತ್ತಿದ್ದೆವು. ಮನೆಯಿಂದ ಹೊರಡುವಾಗಲೋ, ಕಳೆದ ಒಂದು ಗಂಟೆಯಲ್ಲೋ, ಈಗ ತಾನೇ ರಸ್ತೆಯ ಮೇಲೆಯೋ? ನಂತರ ಮನೆಯ ಜಿಪ್ ಕೋಡ್ (ಅಂಚೆ ಸಂಖ್ಯೆ). ಈ ಎರಡು ಉತ್ತರಗಳು ಕೈಗೆ ಬಂದ ಮೇಲೆಯೇ ಫಲಕದ ಪ್ರಸ್ತಾಪ. ಇಷ್ಟವೋ ಇಷ್ಟವಿಲ್ಲವೋ ಎಂದು ನಾವು ಎಲ್ಲಿಯೂ ಕೇಳಲಿಲ್ಲ, ಏಕೆಂದರೆ ರಸ್ತೆಫಲಕವನ್ನು ಯಾರೂ ಇಷ್ಟಪಡುವುದಿಲ್ಲ, ಬಳಸುತ್ತಾರೆ. ಇದನ್ನು ತೆಗೆದರೆ ನಿಮಗೆ ಏನು ವ್ಯತ್ಯಾಸವಾಗುತ್ತದೆ ಎಂದು ಕೇಳಿದೆವು.

ಹಿರಿಯ ಸಹೋದ್ಯೋಗಿಗಳ ಆಕ್ಷೇಪಕ್ಕೆ ಉತ್ತರವಾಗಿ ಎರಡು ಬೇರೆ ಗುಂಪುಗಳನ್ನು ಕಟ್ಟಿದೆವು, ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಬೆನ್ನೆಲುಬು ಇದೇ. ಒಂದು, ಫ್ರೀವೇಯಿಂದ ಎರಡು ಮೂರು ಮೈಲಿ ದೂರದ ದಿನಸಿ ಅಂಗಡಿಗಳ ಪಾರ್ಕಿಂಗ್‌ನಲ್ಲಿ ಸಿಕ್ಕ ಸ್ಥಳೀಯರು. ಇನ್ನೊಂದು, ವಿಶ್ರಾಂತಿ ತಾಣದಲ್ಲಿ ನಿಲ್ಲಿಸಿದವರು, ಅಂದರೆ ಅದೇ ನೀಲಿ ಫಲಕಗಳನ್ನು ನೋಡಿಯೂ ಅವುಗಳಿಗಾಗಿ ಇಳಿಯದೇ ಹೋದವರು. ವಿಶ್ರಾಂತಿ ತಾಣದಲ್ಲಿ ನಿಂತು ಪ್ರಶ್ನೆ ಕೇಳಲು ಬೇಕಾದ ಅನುಮತಿ ಪತ್ರ ಒಂದು ಮೇಜಿನಿಂದ ಇನ್ನೊಂದಕ್ಕೆ ಅಲೆಯುತ್ತ ಬೇಸಿಗೆಯ ಪ್ರಯಾಣದ ಕಾಲವನ್ನೇ ನುಂಗಿತು. ಶಾಲೆ ತೆರೆದ ಮೇಲೆ ನಾವು ಅಲ್ಲಿಗೆ ಕಾಲಿಡಬೇಕಾಯಿತು. ಆದರೂ ಮೂರು ಗುಂಪುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಚಿತ್ರ ನಿಚ್ಚಳವಾಯಿತು.

ಸ್ಥಳೀಯರಲ್ಲಿ ಹೆಚ್ಚಿನವರಿಗೆ ಫಲಕ ಬೇಡ, ಆದರೆ ಅವರಿಗೆ ಅದರಿಂದ ತೊಂದರೆಯೂ ಇಲ್ಲ. ತೆಗೆದರೆ ಗೊತ್ತೂ ಆಗುವುದಿಲ್ಲ ಎಂದು ಅನೇಕರು ಹೇಳಿದರು. ದೂರದವರಲ್ಲಿ, ಅದರಲ್ಲಿಯೂ ರಸ್ತೆಯ ಮೇಲೆಯೇ ನಿರ್ಧರಿಸಿದವರಲ್ಲಿ, ಬಹುಪಾಲು ಜನ ಇಳಿಯುವ ಮುನ್ನ ನೀಲಿ ಫಲಕವನ್ನು ನೋಡಿದ್ದರು. ಫೋನ್ ಇರುವಾಗ ಫಲಕವೇಕೆ ಎಂಬ ವಾದವನ್ನು ಸಭೆಗಳಲ್ಲಿ ನಾನು ಎಷ್ಟೋ ಸಲ ಕೇಳಿದ್ದೇನೆ. ಪಂಪಿನ ಬಳಿ ನಿಂತವರು ಹೇಳಿದ್ದೇ ಬೇರೆ: ದಾರಿಯನ್ನು ಫೋನ್ ಹೇಳುತ್ತದೆ, ಎಲ್ಲಿ ನಿಲ್ಲಬೇಕೆಂಬುದನ್ನು ಹಿಂದಿನ ಸೀಟಿನ ಮಗು ಮತ್ತು ಮುಂದಿನ ಫಲಕ ಸೇರಿ ತೀರ್ಮಾನಿಸುತ್ತವೆ. ಒಬ್ಬರೇ ಗಾಡಿ ಓಡಿಸುತ್ತಿದ್ದವರಲ್ಲಿ ಫಲಕದ ಬಳಕೆ ಇನ್ನೂ ಹೆಚ್ಚಿತ್ತು, ಏಕೆಂದರೆ ಅವರಿಗೆ ಫೋನ್ ಮುಟ್ಟಲು ಬರುವುದಿಲ್ಲ.

ನನಗೆ ಹೆಚ್ಚು ಮುಖ್ಯವೆನಿಸಿದ್ದು ಜಾಹೀರಾತಿನ ಪ್ರಶ್ನೆ. 1965ರ ಹೆದ್ದಾರಿ ಸೌಂದರ್ಯ ಕಾನೂನಿನ ಹಿಂದೆ ಅಧ್ಯಕ್ಷ ಜಾನ್ಸನ್ ಅವರ ಪತ್ನಿ ಲೇಡಿ ಬರ್ಡ್ ಜಾನ್ಸನ್ ನಿಂತದ್ದು ರಸ್ತೆಬದಿಯ ಬಿಲ್‌ಬೋರ್ಡ್‌ಗಳ ಕಾಟವನ್ನು ತಡೆಯಲು. ಆ ಕಾನೂನಿನ ಪರಂಪರೆಯಲ್ಲಿ ಬೆಳೆದ ಈ ದೇಶದಲ್ಲಿ ಸರ್ಕಾರವೇ ಹಣ ಪಡೆದು ವ್ಯಾಪಾರಿಗಳ ಗುರುತು ಹಾಕುವುದು ಸರಿಯೇ ಎಂದು ಆಕ್ಷೇಪಿಸುವವರಿದ್ದಾರೆ. ಆದರೆ ನಾವು ಚಿತ್ರ ತೋರಿಸಿ ಕೇಳಿದಾಗ, ಬಿಲ್‌ಬೋರ್ಡನ್ನು ಕಟುವಾಗಿ ದ್ವೇಷಿಸುವವರು ಕೂಡ ನೀಲಿ ಫಲಕವನ್ನು ಜಾಹೀರಾತೆಂದು ಎಣಿಸಲಿಲ್ಲ. ಎಲ್ಲ ಲೋಗೋಗಳಿಗೂ ಒಂದೇ ಅಳತೆ, ಒಂದೇ ಹಿನ್ನೆಲೆ, ಬೆಲೆಯಿಲ್ಲ, ಘೋಷಣೆಯಿಲ್ಲ. ಈ ಶಿಸ್ತಿಗೆ ಜನ ಮರ್ಯಾದೆ ಕೊಡುತ್ತಾರೆ. ಅವರು ತಕರಾರೆತ್ತಿದ್ದು ನ್ಯಾಯದ ಬಗ್ಗೆ. ಒಂದು ಫಲಕದಲ್ಲಿ ಆರೇ ಜಾಗ, ಹೆಚ್ಚೆಂದರೆ ಅದೇ ಸೇವೆಗೆ ಇನ್ನೊಂದು ಫಲಕ ಸೇರಿ ಹನ್ನೆರಡು. ನಗರದ ಎಕ್ಸಿಟ್ ಕೆಳಗೆ ಐವತ್ತು ಊಟದ ಮನೆಗಳಿರುವಾಗ ಯಾರ ಹೆಸರು ಮೇಲೇರಬೇಕು? ಎರಡೇ ಮೇಜಿನ ಸ್ಥಳೀಯ ಹೋಟೆಲ್ ವಾರ್ಷಿಕ ಶುಲ್ಕ ಕಟ್ಟಲಾರದೆ ಹೊರಗುಳಿಯುತ್ತದೆ, ಸರಪಳಿ ಮಳಿಗೆಗಳು ಒಳಸೇರುತ್ತವೆ. ನಗರದ ಜನರ ನಿಜವಾದ ಅಸಮಾಧಾನ ಇಲ್ಲಿದೆ. ಇದು ನ್ಯಾಯವಾದ ಅಸಮಾಧಾನವೆಂದು ನಾನೂ ನಂಬುತ್ತೇನೆ, ವರದಿಯಲ್ಲಿಯೂ ಹಾಗೆಯೇ ಬರೆದಿದ್ದೇನೆ.

ದಾರಿಯಲ್ಲಿ ಕೆಲವು ಅಡ್ಡ ಪ್ರಯೋಗಗಳನ್ನೂ ಮಾಡಿದೆ. ಆರು ಲೋಗೋಗಳ ಫಲಕದ ಚಿತ್ರವನ್ನು ಟ್ಯಾಬ್ಲೆಟ್‌ನಲ್ಲಿ ಎರಡು ಸೆಕೆಂಡು ತೋರಿಸಿ ಮರೆಮಾಡಿ, ಏನೇನು ನೋಡಿದಿರಿ ಎಂದು ಕೇಳಿದರೆ ಹೆಚ್ಚಿನವರು ಎರಡನ್ನೋ ಮೂರನ್ನೋ ಹೇಳುತ್ತಿದ್ದರು. ಬರೀ ಅಕ್ಷರದಲ್ಲಿ ಬರೆದ ಹೆಸರು ಬಣ್ಣದ ಗುರುತುಗಳ ನಡುವೆ ಕಳೆದೇಹೋಗುತ್ತಿತ್ತು. ಸ್ಥಳೀಯ ಹೋಟೆಲಿನವರು ಹೆಚ್ಚಾಗಿ ಅಂಥ ಅಕ್ಷರದ ಫಲಕವನ್ನೇ ಹಾಕಿಸುತ್ತಾರೆ, ದುಡ್ಡು ಕಟ್ಟಿಯೂ ಕಣ್ಣಿಗೆ ಬೀಳುವುದಿಲ್ಲ. ಕನ್ನಡ ಕೂಟದ ವನಭೋಜನಕ್ಕೆ ಬಂದಿದ್ದ ಕುಟುಂಬಗಳಲ್ಲಿಯೂ ಇದನ್ನು ನಡೆಸಿದೆ. ಸಸ್ಯಾಹಾರಿಗಳು ಟ್ಯಾಕೋ ಬೆಲ್ ಮತ್ತು ಸಬ್‌ವೇಗಳನ್ನು ತಪ್ಪದೇ ಗುರುತಿಸಿದರು, ಉಳಿದ ನಾಲ್ಕು ಅವರ ಕಣ್ಣಿಗೆ ಬಿದ್ದಿರಲೇ ಇಲ್ಲ. ಮನುಷ್ಯ ತನಗೆ ಬೇಕಾದ ಗುರುತನ್ನು ಹುಡುಕುತ್ತಾನೆ, ಫಲಕವನ್ನು ಓದುವುದಿಲ್ಲ ಎಂಬುದು ಇದರಿಂದ ನನಗೆ ಖಚಿತವಾಯಿತು. ಎಕ್ಸ್‌ಪ್ರೆಸ್ ಲೇನ್‌ನಲ್ಲಿ (ಫ್ರೀವೇ ನಡುವಿನ ಪ್ರತ್ಯೇಕ ವೇಗದ ಪಥದಲ್ಲಿ) ಬಂದವರನ್ನು ಬೇರೆಯಾಗಿ ಎಣಿಸಿದ್ದು ಮತ್ತೊಂದು ಪ್ರಯೋಗ. ಅವರು ಫಲಕವನ್ನು ನೋಡಬಲ್ಲರು, ಆದರೆ ಎಲ್ಲ ಎಕ್ಸಿಟ್‌ಗಳಲ್ಲಿ ಇಳಿಯಲಾರರು. ಅವರ ಸಿಟ್ಟನ್ನು ಉಳಿದವರ ಅಭಿಪ್ರಾಯದೊಂದಿಗೆ ಬೆರೆಸಿದರೆ ಲೆಕ್ಕ ಕೆಡುತ್ತದೆ.

ಎರಡು ಸಂಗತಿಗಳನ್ನು ಇಲ್ಲಿ ಹೇಳುವುದಿಲ್ಲ. ಸ್ಥಳೀಯರ ಮತ್ತು ದೂರದವರ ಉತ್ತರಗಳಿಗೆ ತೂಕ ಕೊಡಲು ನಾನು ಬಳಸುವ ಸೂತ್ರ ಒಂದು. ವ್ಯಾಪಾರಿಯ ಕಡೆಯವನು ಚಾಲಕನ ವೇಷದಲ್ಲಿ ಬಂದರೆ ಹಿಡಿದುಕೊಡುವ ನಾಲ್ಕನೆಯ ಪ್ರಶ್ನೆ ಇನ್ನೊಂದು. ಎರಡಕ್ಕೂ ನಾನು ವರ್ಷಗಟ್ಟಲೆ ದುಡಿದಿದ್ದೇನೆ, ನಮ್ಮ ಸಂಸ್ಥೆಯ ಅನ್ನ ಅವುಗಳ ಮೇಲಿದೆ. ಉಳಿದದ್ದೆಲ್ಲ ಮೇಲೆ ಬರೆದಂತೆಯೇ. ಯಾರು ಬೇಕಾದರೂ ಮಾಡಿ ನೋಡಬಹುದು.

ವರದಿ ಒಪ್ಪಿಸಿದಾಗ, ಆಕ್ಷೇಪಿಸಿದ್ದ ಹಿರಿಯರಲ್ಲೊಬ್ಬರು ಅದೇ ಮೂರು ಗುಂಪುಗಳನ್ನು ತಮ್ಮ ಜನರಿಂದ ಸಣ್ಣ ಪ್ರಮಾಣದಲ್ಲಿ ಮತ್ತೊಮ್ಮೆ ಕೇಳಿಸಿದರು. ಸ್ಥಳೀಯರ ಮತ್ತು ದೂರದವರ ನಡುವಿನ ಅಂತರ ಹೆಚ್ಚುಕಡಿಮೆ ನಮ್ಮಷ್ಟೇ ಬಂತು. ಒಟ್ಟು ಕೆಲಸಕ್ಕೆ ತೊಂಬತ್ತು ಸಾವಿರ ಡಾಲರಿನ ಆಸುಪಾಸು ಖರ್ಚಾಯಿತು. ವಿಫಲವಾದ ಮೂರು ವಿಧಾನಗಳನ್ನು ಕೈಬಿಟ್ಟಿದ್ದರೆ ಐವತ್ತರೊಳಗೆ ಮುಗಿಯುತ್ತಿತ್ತು. ಫಲಕಗಳ ಸಂಖ್ಯೆಯನ್ನು ಎಲ್ಲೆಡೆ ಹೆಚ್ಚಿಸದೆ, ದೂರ ಪ್ರಯಾಣಿಕರು ಹೆಚ್ಚಾಗಿ ಇಳಿಯುವ ಎಕ್ಸಿಟ್‌ಗಳಲ್ಲಿ ಮಾತ್ರ ಎರಡನೆಯ ಊಟದ ಫಲಕ ಹಾಕಬೇಕು, ಅದರಲ್ಲಿ ಕೆಲವು ಜಾಗಗಳನ್ನು ಸ್ಥಳೀಯ ಹೋಟೆಲುಗಳಿಗೆ ಕಡಿಮೆ ಶುಲ್ಕದಲ್ಲಿ ಮೀಸಲಿಡಬೇಕು ಎಂಬುದು ನಮ್ಮ ಶಿಫಾರಸು. ಮೊದಲನೆಯ ಭಾಗವನ್ನು ಕೆಲಸ ಕೊಟ್ಟವರು ಒಪ್ಪಿದ್ದಾರೆ. ಶುಲ್ಕದ ಮಾತು ಇನ್ನೂ ನಡೆಯುತ್ತಿದೆ, ಅದಕ್ಕಾಗಿ ಹೋಟೆಲ್ ಮಾಲೀಕರ ಆದಾಯದ ಲೆಕ್ಕವನ್ನು ಈಗ ಸಂಗ್ರಹಿಸುತ್ತಿದ್ದೇವೆ.